ಜರ್ಮನ್ ಭಾವಗೀತವೂ ಅದರ ಎಳೆಯ ಸಾಧಕರೂ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳಿಂದ ನಮ್ಮ ಶಾಲೆಗೆ ಮಕ್ಕಳನ್ನು ಕಳಿಸುವ ಪಾಲಕರಲ್ಲಿ ಕೆಲವರು ನಮ್ಮನ್ನು ಒಂದು ಪ್ರಶ್ನೆ ಕೇಳುವದುಂಟು. ಮಗಳು ಪಿಯಾನೊ ಕಲಿಯಬೇಕೆನ್ನುತ್ತಾಳೆ. ಜರ್ಮನ್ ಹಾಡುಗಳ ಧ್ವನಿಮುದ್ರಿಕೆಗಳನ್ನು ಕೇಳುತ್ತ ಕೂಡ್ರುತ್ತಾಳೆ. ಇದು ನಾವು ದೇವಾಲಯದಲ್ಲಿ ಹಾಡುವ ಸಂಗೀತವೇ, ಅಲ್ಲವೇ? ಅಲ್ಲದಿದ್ದರೆ ಇದೇನು, ಇದನ್ನು ಕಲಿತವರ ಮುಂದಿನ ಗತಿಯೇನು? ಪ್ರಶ್ನೆಯು ಯೋಗ್ಯವಾದದ್ದೇ. ಎದುರಿಗೆ ನಿಂತು ಎರಡು ಮಾತುಗಳಲ್ಲಿ ಉತ್ತರ ಹೇಳುವದು ಆಗದ್ದರಿಂದ ಈ ಸಂಚಿಕೆಯಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತೇವೆ.

ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೂ, ೧೮೩೭ರಲ್ಲಿ ಧಾರವಾಡಕ್ಕೂ, ೧೮೩೯ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಸಿದರು. ಅವರೊಡನೆ ಜರ್ಮನ್ ಸಭಾಕೀರ್ತನೆಗಳ ರಾಗಗಳೂ ಬಂದು, ಕನ್ನಡ ಮಾತುಗಳನ್ನು ಉಟ್ಟುಕೊಂಡು, ಇಂದಿಗೂ ನಮ್ಮ ಸಭೆಗಳಲ್ಲಿ ನಡೆಯುತ್ತಿವೆ. ಆ ರಾಗಗಳು ಪರದೇಶದವೆಂಬ ಅರಿವೇ ಇಲ್ಲದೆ ನಮ್ಮ ಅಜ್ಜಿಯರು ಅವುಗಳನ್ನು ಹಾಡಿ ಮಕ್ಕಳನ್ನು ಮಲಗಿಸಿದರು. ಆದರೆ ಅದೇ ನಾಡಿನ ಸಂಗೀತದಲ್ಲಿ ಇನ್ನೊಂದು ಭಾಗವಿತ್ತು. ಅದು ದೇವಾಲಯದ್ದಲ್ಲ, ನಾಟಕಶಾಲೆಯದ್ದೂ ಅಲ್ಲ, ಮನೆಯ ಒಳಕೋಣೆಯದು. ಒಬ್ಬ ಕವಿಯ ಕವಿತೆ, ಅದಕ್ಕೆ ಒಬ್ಬ ಸಂಗೀತರಚಕನು ಕೂಡಿಸಿದ ಸ್ವರ, ಹಾಡುವದಕ್ಕೆ ಒಬ್ಬರು, ಪಿಯಾನೊ ನುಡಿಸುವದಕ್ಕೆ ಒಬ್ಬರು, ಇಷ್ಟೇ. ಜರ್ಮನರು ಇದನ್ನು 'ಲೀಡ್' ಎಂದು ಬರೆಯುತ್ತಾರೆ. ಹಾಡು ಎಂಬುದೇ ಆ ಶಬ್ದದ ಅರ್ಥ. ಧಾರವಾಡದ ಕಡೆಯ ನಮಗೆ ಭಾವಗೀತವೆಂದರೆ ಕೂಡಲೆ ತಿಳಿಯುವದರಿಂದ ನಾವು ಇಲ್ಲಿ ಅದೇ ಹೆಸರನ್ನು ಇಟ್ಟುಕೊಳ್ಳುತ್ತೇವೆ.

ಕೀರ್ತನೆಯು ನಮ್ಮ ವರೆಗೆ ಬಂತು, ಭಾವಗೀತವು ಬರಲಿಲ್ಲ. ಇದಕ್ಕೆ ಮಿಶನರಿಗಳ ಭಕ್ತಿಯ ಕಟ್ಟುನಿಟ್ಟು ಒಂದು ಕಾರಣವಾದರೆ, ವಾದ್ಯವು ಇನ್ನೊಂದು ಕಾರಣ. ನಮ್ಮ ಕಡೆ ಪೇಟಿಯೆಂದು ಕರೆಯುವ ಹಾರ್ಮೋನಿಯಮ್ಮಿನಲ್ಲಿ ಗಾಳಿಯಿರುವ ವರೆಗೆ ಸ್ವರವು ಒಂದೇ ಸಮನಾಗಿ ನಿಲ್ಲುತ್ತದೆ. ಸಭೆಯವರೆಲ್ಲರು ಕೂಡಿ ಹೆಜ್ಜೆ ಹೆಜ್ಜೆಯಾಗಿ ಹಾಡುವ ಕೀರ್ತನೆಗೆ ಅದು ಬಹಳ ಒಳ್ಳೇದು. ಪಿಯಾನೊದಲ್ಲಿಯಾದರೋ ಚಿಕ್ಕ ಸುತ್ತಿಗೆಯು ತಂತಿಯನ್ನು ಹೊಡೆಯುತ್ತದೆ, ಸ್ವರವು ಹುಟ್ಟಿದ ಕ್ಷಣದಿಂದಲೇ ಕರಗಲಾರಂಭಿಸುತ್ತದೆ. ಬೆರಳಿನ ಭಾರದಿಂದ ಅದನ್ನು ಮೆಲ್ಲಗೂ ಗಟ್ಟಿಯಾಗಿಯೂ ಮಾಡಬಹುದು, ಕಾಲಿನ ಪೆಡಲಿನಿಂದ ಒಂದು ಸ್ವರದ ನೆರಳನ್ನು ಇನ್ನೊಂದರ ಮೇಲೆ ಚಾಚಬಹುದು. ಜರ್ಮನ್ ಭಾವಗೀತವು ಈ ಕರಗುವ ಸ್ವರವನ್ನೇ ನಂಬಿ ಹುಟ್ಟಿದ್ದು. ನಮ್ಮ ಬಿಸಿಲಿಗೂ ಧೂಳಿಗೂ ಪಿಯಾನೊದ ತಂತಿಗಳು ಸಡಿಲಾಗುವವು, ಅವನ್ನು ಶ್ರುತಿಗೊಳಿಸುವವರು ಹತ್ತಿರದಲ್ಲಿ ಸಿಕ್ಕುವದಿಲ್ಲ. ಪೇಟಿಯಾದರೆ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋದರೂ ನುಡಿಯುತ್ತದೆ!

ಪಿಯಾನೊವು ಇಲ್ಲಿ ಏನು ಕೆಲಸ ಮಾಡುತ್ತದೆಂಬದನ್ನು ಒಂದು ಉದಾಹರಣೆಯಿಂದ ತೋರಿಸುವೆವು. ೧೮೧೪ರ ಅಕ್ಟೋಬರ್ ೧೯ರಂದು ವಿಯೆನ್ನಾ ಪಟ್ಟಣದ ಫ್ರಾಂಟ್ಸ್ ಷೂಬರ್ಟ್ ಎಂಬ ಹದಿನೇಳು ವರ್ಷದ ತರುಣನು, ತನ್ನ ತಂದೆಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಗ್ಯೋಥೆ ಕವಿಯ 'ಫೌಸ್ಟ್' ನಾಟಕದಿಂದ ಒಂದು ಕವಿತೆಯನ್ನು ತೆಗೆದುಕೊಂಡು ಅದಕ್ಕೆ ಸ್ವರ ಕೂಡಿಸಿದನು. ಗ್ರೆಟ್ಖೆನ್ ಎಂಬ ಹುಡುಗಿಯು ನೂಲುವ ರಾಟಿಯ ಮುಂದೆ ಒಬ್ಬಳೇ ಕುಳಿತು ತನ್ನನ್ನು ಬಿಟ್ಟುಹೋದವನನ್ನು ನೆನೆಯುತ್ತಾಳೆ. ಹತ್ತಿ ಬೆಳೆಯುವ ನಮ್ಮ ಸೀಮೆಯಲ್ಲಿ ರಾಟಿಯ ಸದ್ದು ಹಳಬರಿಗೆ ಗೊತ್ತಿದ್ದದ್ದೇ. ಆ ನಾಡಿನ ರಾಟಿಯನ್ನು ಕಾಲಿನಿಂದ ತುಳಿಯುತ್ತಾರೆ. ಆದಕಾರಣ ಪಿಯಾನೊದ ಬಲಗೈಯಲ್ಲಿ ಚಕ್ರವು ಗಿರ್ರೆಂದು ತಿರುಗುತ್ತಲೇ ಇರುತ್ತದೆ, ಎಡಗೈಯಲ್ಲಿ ಕಾಲಿನ ತುಳಿತವು ಕೇಳಿಸುತ್ತದೆ. ಹುಡುಗಿಯ ಮನಸ್ಸು ಕಾದಷ್ಟೂ ಚಕ್ರದ ವೇಗವು ಏರುತ್ತದೆ. ಅವನ ಮುತ್ತಿನ ನೆನಪು ಬಂದೊಡನೆ ರಾಟಿಯು ತಟ್ಟನೆ ನಿಲ್ಲುತ್ತದೆ. ಹಾಡುವವಳ ಧ್ವನಿಯೊಂದೇ ಮೇಲೆ ತೂಗುತ್ತದೆ. ಆಮೇಲೆ ಚಕ್ರವು ತೊಡರುತ್ತ, ನಿಲ್ಲುತ್ತ, ಮತ್ತೆ ತೊಡರುತ್ತ ತಿರುಗಹತ್ತುತ್ತದೆ. ಕೆಲಸಕ್ಕೆ ಮರಳಿದಳು, ಆದರೆ ಮನಸ್ಸು ಮರಳಲಿಲ್ಲ. ಇದನ್ನು ಮಾತು ಹೇಳುವದಿಲ್ಲ, ಹಾಡುವವಳೂ ಹೇಳುವದಿಲ್ಲ, ಪಿಯಾನೊ ನುಡಿಸುವವರ ಹತ್ತು ಬೆರಳುಗಳೇ ಹೇಳುತ್ತವೆ. ಈ ಕಾರಣದಿಂದಲೇ ಈ ಕಲೆಯಲ್ಲಿ ಪಿಯಾನೊ ನುಡಿಸುವವರನ್ನು ಪಕ್ಕವಾದ್ಯದವರೆಂದು ಕರೆದರೆ ಅರ್ಧ ಸತ್ಯವಾದೀತು.

ಷೂಬರ್ಟನು ೧೮೨೮ರಲ್ಲಿ ಮೂವತ್ತೊಂದನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಅಷ್ಟರೊಳಗೆ ಆರುನೂರಕ್ಕೂ ಹೆಚ್ಚು ಇಂಥ ಗೀತಗಳನ್ನು ಬರೆದಿದ್ದನು. ಅವುಗಳಲ್ಲಿ ಇಪ್ಪತ್ತು ಗೀತಗಳ 'ಗಿರಣಿಯವನ ಚೆಲುವೆ' ಎಂಬ ಮಾಲೆಗೂ, ೧೮೨೭ರಲ್ಲಿ ಬರೆದ ಇಪ್ಪತ್ತುನಾಲ್ಕು ಗೀತಗಳ 'ಚಳಿಗಾಲದ ಪ್ರಯಾಣ' ಎಂಬ ಮಾಲೆಗೂ ಕವಿತೆಗಳನ್ನು ಬರೆದವನು ವಿಲ್ಹೆಲ್ಮ್ ಮ್ಯೂಲರ್. ಈ ಹೆಸರನ್ನು ಕೇಳಿ ವಾಚಕರಲ್ಲಿ ಯಾರಿಗಾದರೂ ಏನಾದರೂ ನೆನಪಾದೀತೇ? ಋಗ್ವೇದವನ್ನು ಸಾಯಣಭಾಷ್ಯದೊಡನೆ ಅಚ್ಚುಹಾಕಿಸಿ, ನಮ್ಮ ಪಂಡಿತರಿಂದ ಮೋಕ್ಷಮೂಲರರೆಂಬ ಬಿರುದನ್ನು ಪಡೆದ ಮ್ಯಾಕ್ಸ್ ಮ್ಯೂಲರರ ತಂದೆಯೇ ಇವನು. ತಂದೆಯು ೧೮೨೭ರಲ್ಲಿ ತೀರಿಕೊಂಡಾಗ ಮಗನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಮಗನ ಹೆಸರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಇಂದು ಬೆಂಗಳೂರಿನ ಎಳೆಯರು ಜರ್ಮನ್ ಭಾಷೆಯನ್ನು ಕಲಿಯುತ್ತಾರೆ; ಕಲಿತವರಲ್ಲಿ ಕೆಲವರಾದರೂ ಆ ಭಾಷೆಯನ್ನು ತಂದೆಯ ಕವಿತೆಗಳನ್ನು ಹಾಡುವದಕ್ಕೆ ಉಪಯೋಗಿಸಬಹುದಲ್ಲವೇ?

'ಚಳಿಗಾಲದ ಪ್ರಯಾಣ'ದ ಕೊನೆಯ ಗೀತವನ್ನು ನಮ್ಮವರು ಅವಶ್ಯವಾಗಿ ಕೇಳಬೇಕು. ಊರ ಹೊರಗೆ, ಮಂಜುಗಡ್ಡೆಯ ಮೇಲೆ, ಬರಿಗಾಲಿನ ಮುದುಕನೊಬ್ಬನು ಕೈಯಿಂದ ತಿರುವುವ ಒಂದು ವಾದ್ಯವನ್ನು ನುಡಿಸುತ್ತ ನಿಂತಿರುತ್ತಾನೆ. ಅವನ ತಟ್ಟೆಯು ಬರಿದಾಗಿದೆ, ಕೇಳುವವರಿಲ್ಲ. ಪಿಯಾನೊದ ಎಡಗೈಯು ಮೊದಲಿನಿಂದ ಕೊನೆಯ ವರೆಗೆ ಎರಡೇ ಸ್ವರಗಳನ್ನು ಹಿಡಿದುಕೊಂಡಿರುತ್ತದೆ. ಅವು ನಮ್ಮ ಷಡ್ಜ ಪಂಚಮಗಳು. ತಂಬೂರಿಯನ್ನು ಕೇಳಿ ಬೆಳೆದ ಕಿವಿಗೆ, ಶಿಶುನಾಳದ ಷರೀಫಸಾಹೇಬರ ಪದಗಳನ್ನು ಏಕತಾರಿಯ ಮೇಲೆ ಕೇಳಿದ ಕಿವಿಗೆ, ಇದು ಪರದೇಶದ ಹಾಡೆಂದು ತೋರುವದೇ ಇಲ್ಲ. (ಷರೀಫಸಾಹೇಬರು ಹುಟ್ಟಿದ ೧೮೧೯ನೆಯ ವರ್ಷದಲ್ಲಿಯೇ ಜರ್ಮನ್ ದೇಶದಲ್ಲಿ ಪಿಯಾನೊದ ಮಹಾವಿದುಷಿಯೂ ಭಾವಗೀತಗಳ ರಚಕಿಯೂ ಆದ ಕ್ಲಾರಾ ಷೂಮನ್ ಹುಟ್ಟಿದರು.)

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇನ್ನೊಬ್ಬರ ವೃತ್ತಾಂತವನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಫಾನಿ ಮೆಂಡೆಲ್ಸೋನ್ ಎಂಬವರು ೧೮೦೫ರಲ್ಲಿ ಹುಟ್ಟಿದರು. ತಮ್ಮನಾದ ಫೆಲಿಕ್ಸನಷ್ಟೇ ವಿದ್ಯೆಯನ್ನು ಪಡೆದರೂ, ಹೆಂಗಸು ತನ್ನ ಹೆಸರಿನಿಂದ ಸಂಗೀತವನ್ನು ಪ್ರಕಟಿಸುವದು ಮನೆತನಕ್ಕೆ ತಕ್ಕದ್ದಲ್ಲವೆಂಬ ಭಾವನೆಯಿಂದ ಅವರ ಕೆಲವು ಗೀತಗಳು ತಮ್ಮನ ಹೆಸರಿನಲ್ಲಿ ಅಚ್ಚಾದವು. ೧೮೪೨ರಲ್ಲಿ ಫೆಲಿಕ್ಸನು ಲಂಡನ್ನಿಗೆ ಹೋದಾಗ ವಿಕ್ಟೋರಿಯಾ ರಾಣಿಯವರು ಅವನ ಪುಸ್ತಕದಿಂದ ತಮಗೆ ಬೇಕಾದ ಒಂದು ಗೀತವನ್ನು ಆರಿಸಿ ತಾವೇ ಹಾಡಿದರು. ಅದು ಅಕ್ಕನ ರಚನೆಯಾಗಿತ್ತು. ಫೆಲಿಕ್ಸನು ರಾಣಿಯ ಮುಂದೆ ಹಾಗೆಂದು ಒಪ್ಪಿಕೊಳ್ಳಬೇಕಾಯಿತು. ಫಾನಿಯವರು ತಮ್ಮ ಹೆಸರಿನಿಂದ ಮೊದಲನೆಯ ಗೀತಸಂಗ್ರಹವನ್ನು ಪ್ರಕಟಿಸಿದ್ದು ೧೮೪೬ರಲ್ಲಿ, ಮರುವರ್ಷವೇ ತೀರಿಕೊಂಡರು. ಹೆಸರನ್ನು ಹೇಳದಿರುವದು ಎಷ್ಟು ಸುಲಭವಾದ ಅನ್ಯಾಯ! ನಾವು ಅವರನ್ನು ದೂರುವ ಮುಂಚೆ ನಮ್ಮ ಕಡೆಗೂ ನೋಡಿಕೊಳ್ಳಬೇಕು. ನಾವು ಸಿದ್ಧಪಡಿಸಿದ ವಾರ್ಷಿಕ ಸಮ್ಮೇಲನದ ಎಷ್ಟೋ ಪತ್ರಿಕೆಗಳಲ್ಲಿ ಹಾಡಿದವಳ ಹೆಸರು ಇರುತ್ತಿತ್ತು, ಪೇಟಿ ಬಾರಿಸಿದವಳ ಹೆಸರು ಇರುತ್ತಿರಲಿಲ್ಲ. ಆ ಹುಡುಗಿಯರಲ್ಲಿ ಕೆಲವರು ಈಗ ಇದನ್ನು ಓದುತ್ತಿರಬಹುದು. ಅವರು ನಮ್ಮನ್ನು ಕ್ಷಮಿಸಬೇಕು.

ಈ ಕಲೆಗೆ ಕನ್ನಡ ನಾಡಿನ ಸಂಬಂಧವೇ ಇಲ್ಲವೆಂದು ಯಾರೂ ತಿಳಿಯಬಾರದು. ಮೈಸೂರಿನ ಜಯಚಾಮರಾಜ ಒಡೆಯರವರು ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದಂತೆಯೇ ಪಿಯಾನೊದಲ್ಲಿಯೂ ಒಳ್ಳೆಯ ಪರಿಶ್ರಮವುಳ್ಳವರಾಗಿದ್ದರು. ಲಂಡನ್ನಿನಲ್ಲಿ ಬಡತನದಿಂದಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ರಚಕರ ಕೃತಿಗಳನ್ನು ಮುದ್ರಿಸುವದಕ್ಕೆಂದು ೧೯೪೦ರ ದಶಕದ ಕೊನೆಯಲ್ಲಿ ಅವರು ಧನಸಹಾಯ ಮಾಡಿ ಒಂದು ಸಂಘವನ್ನೇ ಸ್ಥಾಪಿಸಿದರು. ಗ್ಯೋಥೆಯ ಕವಿತೆಗಳಿಗೆ ಮೆಟ್ನರರು ಕೂಡಿಸಿದ ಗೀತಗಳನ್ನು ಎಲಿಜಬೆತ್ ಷ್ವಾರ್ಟ್ಸ್‌ಕಾಫರು ಹಾಡಿ, ಮೆಟ್ನರರೇ ಪಿಯಾನೊ ನುಡಿಸಿ, ೧೯೫೦ರಲ್ಲಿ ಮಾಡಿದ ಮುದ್ರಣವು ಹೀಗೆ ಮೈಸೂರಿನ ಔದಾರ್ಯದ ಫಲವು. ಅದೇ ವರ್ಷದ ಮೇ ೨೨ರಂದು ಲಂಡನ್ನಿನಲ್ಲಿ ರಿಖಾರ್ಡ್ ಷ್ಟ್ರೌಸರ 'ಕೊನೆಯ ನಾಲ್ಕು ಗೀತಗಳು' ಮೊತ್ತಮೊದಲು ಹಾಡಲ್ಪಟ್ಟವು. ಹಾಡಿದವರು ನಾರ್ವೆ ದೇಶದ ಕಿರ್‌ಸ್ಟೆನ್ ಫ್ಲಾಗ್‌ಸ್ಟಾಡ್. ಆ ಕಚೇರಿಗೆ ಹಣದ ಭರವಸೆ ಕೊಟ್ಟವರೂ ನಮ್ಮ ಒಡೆಯರೇ. ತಾವು ಹೋಗಲಾರದ್ದರಿಂದ ಅದರ ಮುದ್ರಣವನ್ನು ಮೈಸೂರಿಗೆ ತರಿಸಿಕೊಳ್ಳುವ ಏರ್ಪಾಡು ಮಾಡಿದ್ದರು.

ಆ ನಾಲ್ಕು ಗೀತಗಳನ್ನು ಷ್ಟ್ರೌಸರು ಪಿಯಾನೊದ ಬದಲು ವಾದ್ಯವೃಂದಕ್ಕೆ ಬರೆದರು. ಅವುಗಳಲ್ಲಿ ಮೂರಕ್ಕೆ ಕವಿತೆಯನ್ನು ಬರೆದವರು ಹೆರ್ಮನ್ ಹೆಸ್ಸೆ. ಹೆಸ್ಸೆಯವರ ತಂದೆ ಯೊಹಾನೆಸ್ ಹೆಸ್ಸೆಯವರು ಬಾಸೆಲ್ ಮಿಶನ್ನಿನವರಾಗಿ ಮಂಗಳೂರಿನಲ್ಲಿ ಸೇವೆಮಾಡಿ, ೧೮೭೩ರಲ್ಲಿ ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಹಿಂದಿರುಗಿದವರು. ತಾಯಿಯವರು ಮಲಯಾಳ ಭಾಷೆಗೆ ನಿಘಂಟನ್ನು ಬರೆದ ಹೆರ್ಮನ್ ಗುಂಡರ್ಟರ ಮಗಳು, ೧೮೪೨ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವರು. ಮಿಶನರಿಯ ಮಗನ ಕವಿತೆ, ಮೈಸೂರಿನ ಅರಸರ ಹಣ. ಇವೆರಡೂ ಲಂಡನ್ನಿನ ಒಂದು ಸಂಜೆಯಲ್ಲಿ ಕೂಡಿದವು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಮೂರು ಊರುಗಳಿಗೆ ಇದರ ಸುದ್ದಿಯೂ ಮುಟ್ಟಿರಲಿಕ್ಕಿಲ್ಲ.

ಇನ್ನು ಈ ಕಲೆಯನ್ನು ಇಂದು ಅಭ್ಯಾಸಿಸುತ್ತಿರುವ ಎಳೆಯರ ವಿಚಾರ. ಜರ್ಮನಿ, ಆಸ್ಟ್ರಿಯಾ, ಇಂಗ್ಲೆಂಡ್ ಮೊದಲಾದ ದೇಶಗಳ ಸಂಗೀತ ವಿದ್ಯಾಲಯಗಳಲ್ಲಿ ಭಾವಗೀತಕ್ಕೆಂದೇ ಪ್ರತ್ಯೇಕ ಶಿಕ್ಷಣಕ್ರಮಗಳಿವೆ. ಹಲವು ಕಡೆ ಹಾಡುವವರೂ ಪಿಯಾನೊ ನುಡಿಸುವವರೂ ಜೋಡಿಯಾಗಿಯೇ ಸೇರಿ, ಜೋಡಿಯಾಗಿಯೇ ಪರೀಕ್ಷೆಗೆ ನಿಲ್ಲುತ್ತಾರೆ. ಷ್ಟುಟ್‌ಗಾರ್ಟ್ ಪಟ್ಟಣದಲ್ಲಿ ಹೂಗೊ ವೊಲ್ಫ್ ಎಂಬ ರಚಕರ ಹೆಸರಿನ ಸಂಸ್ಥೆಯವರು ನಡೆಸುವ ಸ್ಪರ್ಧೆಯು ಇಂಥ ಜೋಡಿಗಳಿಗಾಗಿಯೇ ಏರ್ಪಟ್ಟದ್ದು. ಥೊಮಾಸ್ ಕ್ವಾಸ್ಟ್‌ಹೋಫ್ ಎಂಬ ಪ್ರಸಿದ್ಧ ಗಾಯಕರು ೨೦೦೯ರಲ್ಲಿ ಮತ್ತೊಂದು ಸ್ಪರ್ಧೆಯನ್ನು ಸ್ಥಾಪಿಸಿದರು. ಸಾಮುಯೆಲ್ ಹಾಸೆಲ್‌ಹಾರ್ನ್ ಎಂಬ ಜರ್ಮನ್ ಗಾಯಕನೂ ಅಮ್ಮಿಯೆಲ್ ಬುಶಕೆವಿಟ್ಸ್ ಎಂಬ ಪಿಯಾನೊವಾದಕನೂ ಷೂಬರ್ಟನು ತೀರಿಕೊಂಡು ಇನ್ನೂರು ವರ್ಷಗಳಾಗುವ ೨೦೨೮ರ ವರೆಗೆ ಅವನ ಗೀತಗಳನ್ನು ಸಾಲಾಗಿ ಮುದ್ರಿಸುವ ಕೆಲಸವನ್ನು ಹಮ್ಮಿಕೊಂಡಿದ್ದಾರೆ. ಇಂಥ ಜೋಡಿಯಲ್ಲಿ ಒಬ್ಬರ ಹೆಸರನ್ನು ಬಿಟ್ಟು ಇನ್ನೊಬ್ಬರ ಹೆಸರನ್ನು ಹೇಳುವ ಪದ್ಧತಿಯಿಲ್ಲ. ಇದು ಸುಮ್ಮನೆ ಬಂದ ಮರ್ಯಾದೆಯಲ್ಲ. ಜೆರಾಲ್ಡ್ ಮೂರ್ ಎಂಬ ಆಂಗ್ಲ ಪಿಯಾನೊವಾದಕರು ತಮ್ಮ ಜೀವಮಾನವನ್ನೆಲ್ಲ ಹಾಡುವವರ ಜೊತೆಯಲ್ಲಿ ನುಡಿಸುವದಕ್ಕೇ ಕೊಟ್ಟು, ೧೯೬೨ರಲ್ಲಿ ಬರೆದ ಆತ್ಮಕಥೆಗೆ 'ನನ್ನ ಸದ್ದು ಹೆಚ್ಚಾಯಿತೇ?' ಎಂಬರ್ಥದ ಹೆಸರನ್ನಿಟ್ಟರು. ಅಂಥವರ ದುಡಿಮೆಯಿಂದ ಈ ಮರ್ಯಾದೆಯು ಬಂತು.

ಅವರ ಅಭ್ಯಾಸದ ಕ್ರಮವು ಹೇಗೆ? ಮೊದಲು ಕವಿತೆಯನ್ನು ಸ್ವರವಿಲ್ಲದೆ ಗಟ್ಟಿಯಾಗಿ ಓದುತ್ತಾರೆ. ಹಾಡುವವರಷ್ಟೇ ಅಲ್ಲ, ಪಿಯಾನೊ ನುಡಿಸುವವರೂ ಓದುತ್ತಾರೆ. ಪ್ರತಿಯೊಂದು ಶಬ್ದದ ಅರ್ಥವು ಗೊತ್ತಾಗದ ಹೊರತು ಮುಂದೆ ಹೋಗುವದಿಲ್ಲ. ಹಾಡುವವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೋ ಅಲ್ಲಿ ನುಡಿಸುವವಳ ಕೈಯೂ ಉಸಿರಾಡಬೇಕು. ಸ್ವರಲಿಪಿಯಲ್ಲಿ ಎಲ್ಲವೂ ಬರೆದಿರುವದರಿಂದ ನಮ್ಮ ಹಿಂದುಸ್ತಾನೀ ಗವಾಯಿಗಳಂತೆ ಆಲಾಪ ಮಾಡಿ ಬೆಳೆಸುವದಕ್ಕೆ ಆಸ್ಪದವಿಲ್ಲ. ಎರಡು ಮೂರು ನಿಮಿಷಗಳಲ್ಲಿ ಹಾಡು ಮುಗಿದುಹೋಗುತ್ತದೆ. ಆ ಎರಡು ನಿಮಿಷಗಳಿಗಾಗಿ ವಾರಗಟ್ಟಲೆ ದುಡಿಯುತ್ತಾರೆ. ಧ್ವನಿಯ ಎತ್ತರಕ್ಕೆ ತಕ್ಕಂತೆ ಒಂದೇ ಗೀತವನ್ನು ತಾರ, ಮಧ್ಯ, ಮಂದ್ರ ಎಂದು ಬೇರೆ ಬೇರೆ ಪುಸ್ತಕಗಳಲ್ಲಿ ಅಚ್ಚುಹಾಕಿರುತ್ತಾರೆ. ನಮ್ಮವರು ಬಿಳಿ ನಾಲ್ಕು, ಕಪ್ಪು ಎರಡು ಎಂದು ಪಟ್ಟಿಯನ್ನು ಬದಲಿಸಿದ ಹಾಗೆಯೇ ಇದು; ಆದರೆ ಪಟ್ಟಿಯು ಬದಲಾದರೆ ಪಿಯಾನೊ ನುಡಿಸುವವಳು ಎಲ್ಲ ಬೆರಳುಗಳನ್ನೂ ಹೊಸದಾಗಿ ಕಲಿಸಿಕೊಳ್ಳಬೇಕಾಗುತ್ತದೆ.

ಹಾಡುವದರಲ್ಲಿ ಬಲಕ್ಕಿಂತ ಬಣ್ಣವು ಮುಖ್ಯ. ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಅವರ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕೇ ಅಲ್ಲವೇ ಹೆಸರಾದದ್ದು! ೧೮೧೫ರಲ್ಲಿ ಷೂಬರ್ಟನು ಬರೆದ ಒಂದು ಗೀತದಲ್ಲಿ ಕತೆ ಹೇಳುವವನು, ತಂದೆ, ಜ್ವರದಲ್ಲಿ ಬೆದರಿದ ಮಗು, ಮಗುವನ್ನು ಕರೆಯುವ ಪಿಶಾಚರಾಜ ಈ ನಾಲ್ವರ ಮಾತುಗಳನ್ನೂ ಒಬ್ಬರೇ ಧ್ವನಿಯ ಬಣ್ಣವನ್ನು ಬದಲಿಸಿ ಹಾಡಬೇಕು. ಪಿಯಾನೊದಲ್ಲಿ ಕುದುರೆಯು ನಿಲ್ಲದೆ ಓಡುತ್ತಿರುತ್ತದೆ; ಅದನ್ನು ನುಡಿಸುವವರ ಬಲಗೈಯ ಮಣಿಕಟ್ಟು ಹಾಡು ಮುಗಿಯುವಷ್ಟರಲ್ಲಿ ಸೋತುಹೋಗುತ್ತದೆ.

ಕನ್ನಡದ ಬಾಯಿಗೆ ಈ ಭಾಷೆಯು ಸುಲಭವೋ ಕಠಿಣವೋ? ಎರಡೂ ಹೌದು. ಹ್ರಸ್ವ ದೀರ್ಘಗಳನ್ನು ನಾವು ಹುಟ್ಟಿದಂದಿನಿಂದ ಬೇರೆಮಾಡಿ ಆಡುವವರಾದ್ದರಿಂದ ಜರ್ಮನ್ ಭಾಷೆಯ ಹ್ರಸ್ವ ದೀರ್ಘಗಳಲ್ಲಿ ನಮ್ಮ ಹುಡುಗಿಯರು ತಪ್ಪುವದಿಲ್ಲ. ಶಬ್ದದ ಕೊನೆಯಲ್ಲಿಯೇ ತೊಂದರೆ. ಕನ್ನಡದ ಶಬ್ದಗಳು ಬಹುಶಃ ಸ್ವರಾಂತವಾಗಿರುವದರಿಂದ ವ್ಯಂಜನದ ಮೇಲೆ ಉಕಾರವನ್ನು ಅಂಟಿಸುವದು ನಮ್ಮ ರೂಢಿ. ಬಸ್ಸು, ಕಾರು, ರೈಲು ಎಂದು ಪರದೇಶದ ಶಬ್ದಗಳನ್ನು ಒಳಗೆ ಕರೆದುಕೊಂಡವರಲ್ಲವೇ ನಾವು! ಜರ್ಮನ್ ಶಬ್ದವು ವ್ಯಂಜನದಲ್ಲಿಯೇ ಕತ್ತರಿಸಿದಂತೆ ನಿಲ್ಲಬೇಕು. ಲೀಡ್ ಎಂಬ ಹೆಸರನ್ನೇ ಡಕಾರದಿಂದ ಬರೆದು 'ಲೀಟ್' ಎಂದು ಉಚ್ಚರಿಸುತ್ತಾರೆ. ತುಟಿಗಳನ್ನು ಊಕಾರಕ್ಕೆ ಚಾಚಿ ನಾಲಿಗೆಯಿಂದ ಈಕಾರವನ್ನು ನುಡಿಯುವ ಒಂದು ಸ್ವರವುಂಟು. ಬಾಯಿಯನ್ನು ಯಕಾರಕ್ಕೆ ಹೊಂದಿಸಿ ಬರೇ ಉಸಿರನ್ನು ಬಿಡುವ ಒಂದು ವ್ಯಂಜನವುಂಟು. ಕನ್ನಡಿಯ ಮುಂದೆ ನಿಂತು ಕಲಿತರೆ ಬರುವಂಥವೇ ಇವು.

ಪಾಲಕರು ಕೇಳುವ ಎರಡನೆಯ ಮಾತಿಗೆ ಬರೋಣ. ಇದರಿಂದಲೇ ಹೊಟ್ಟೆ ಹೊರೆಯುವವರು ಯುರೋಪಿನಲ್ಲಿಯೂ ಸ್ವಲ್ಪ ಜನರೇ. ಹೆಚ್ಚಿನವರು ಪಾಠ ಹೇಳುತ್ತಾರೆ, ದೇವಾಲಯದಲ್ಲಿಯೂ ನಾಟಕಶಾಲೆಯಲ್ಲಿಯೂ ಹಾಡುತ್ತಾರೆ. ಇದನ್ನು ಮುಚ್ಚಿಡುವದು ಯೋಗ್ಯವಲ್ಲ. ಎಳೆಯ ಕಂಠಕ್ಕೆ ಭಾರವಾದ ಗೀತಗಳನ್ನು ಹೊರಿಸುವದೂ ಯೋಗ್ಯವಲ್ಲ. ಶಾಲೆಯ ವಯಸ್ಸಿನಲ್ಲಿ ಪಿಯಾನೊ, ಸ್ವರಲಿಪಿ, ಭಾಷೆ ಇವುಗಳನ್ನು ಕಲಿತು, ಕಂಠವು ಬಲಿತ ಮೇಲೆ ಗೀತಗಳಿಗೆ ಕೈಹಾಕುವದು ಒಳ್ಳೇದು. ತೂಕದ ಕೀಗಳುಳ್ಳ ವಿದ್ಯುತ್ ಪಿಯಾನೊಗಳು ಬಂದಮೇಲೆ ಬಿಸಿಲು ಧೂಳುಗಳ ನೆವವೂ ಉಳಿಯಲಿಲ್ಲ. ಬೆಂಗಳೂರಿನಲ್ಲಿ ೧೯೮೭ರಿಂದ ಪಾಶ್ಚಾತ್ಯ ಸಂಗೀತದ ಒಂದು ಶಾಲೆಯು ನಡೆದುಬಂದಿದೆ. ಮುಂಬಯಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರುಗಳಿಸಿದ ಪೆಟ್ರಿಷಿಯಾ ರೊಜಾರಿಯೊ ಎಂಬ ಗಾಯಕಿಯವರು ಪಿಯಾನೊವಾದಕರಾದ ತಮ್ಮ ಪತಿ ಮಾರ್ಕ್ ಟ್ರೂಪರೊಡನೆ ೨೦೦೯ರಲ್ಲಿ ಭಾರತದ ಎಳೆಯ ಗಾಯಕರಿಗೆ ಪಾಠ ಹೇಳುವ ಕಾರ್ಯವನ್ನು ಆರಂಭಿಸಿದರು. ಇಲ್ಲಿಯೂ ಧ್ವನಿಯೂ ಪಿಯಾನೊವೂ ಕೂಡಿಯೇ ಬಂದದ್ದನ್ನು ವಾಚಕರು ಗಮನಿಸಬಹುದು.

ಚಿಕ್ಕ ಊರಿನ ಹುಡುಗಿಗೆ ಇದು ನಿಲುಕೀತೇ ಎಂದು ಕೇಳುವವರಿಗೆ ಕ್ಯಾಥ್ಲೀನ್ ಫೆರಿಯರರನ್ನು ತೋರಿಸುತ್ತೇವೆ. ಅವರು ೧೯೧೨ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಒಬ್ಬ ಶಾಲಾಮಾಸ್ತರರ ಮಗಳಾಗಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಆಗ ಅವರು ಗಾಯ್ಕಿಯಲ್ಲ, ಪಿಯಾನೊ ನುಡಿಸುವವಳು. ಹಾಡುವ ಇತರರಿಗೆ ಜೊತೆಗೊಡುತ್ತಿದ್ದವಳು. ೧೯೩೭ರಲ್ಲಿ ಕಾರ್ಲೈಲ್ ಪಟ್ಟಣದ ಸ್ಪರ್ಧೆಯಲ್ಲಿ ಪಿಯಾನೊಕ್ಕೂ ಹಾಡಿಕೆಗೂ ಎರಡಕ್ಕೂ ಬಹುಮಾನ ಪಡೆದ ಮೇಲೆ ಅವರ ದಾರಿ ತಿರುಗಿತು. ೧೯೪೯ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಬ್ರೂನೊ ವಾಲ್ಟರರು ತಾವೇ ಪಿಯಾನೊದ ಮುಂದೆ ಕುಳಿತು ಅವರಿಂದ ಷೂಬರ್ಟ್, ಷೂಮನ್, ಬ್ರಾಮ್ಸರ ಗೀತಗಳನ್ನು ಹಾಡಿಸಿದರು. ೧೯೫೩ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಅರ್ಬುದರೋಗದಿಂದ ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ೧೯೫೬ರಿಂದ ಎಳೆಯ ಗಾಯಕರಿಗೆ ಸ್ಪರ್ಧೆಯು ನಡೆಯುತ್ತಿದೆ. ಅದರಲ್ಲಿ ಪಿಯಾನೊ ನುಡಿಸಿದವರಿಗೂ ಒಂದು ಬಹುಮಾನವುಂಟು.

ಫೆರಿಯರರು ಹಾಡಿ ಪ್ರಸಿದ್ಧವಾದವುಗಳಲ್ಲಿ ಬ್ರಾಮ್ಸರು ೧೮೯೬ರಲ್ಲಿ ಬರೆದ ನಾಲ್ಕು ಗಂಭೀರ ಗೀತಗಳುಂಟು. ಇವುಗಳ ಮಾತುಗಳು ಯಾವ ಕವಿಯವೂ ಅಲ್ಲ, ಸತ್ಯವೇದದವು. ಮೊದಲೆರಡಕ್ಕೆ ಪ್ರಸಂಗಿಯ ಗ್ರಂಥದಿಂದಲೂ, ಕೊನೆಯದಕ್ಕೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿಮೂರನೆಯ ಅಧ್ಯಾಯದಿಂದಲೂ ವಾಕ್ಯಗಳನ್ನು ಆರಿಸಿದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಆ ಅಧ್ಯಾಯವು ಬಾಯಿಪಾಠವಾಗಿರುವದರಿಂದ ಭಾಷೆ ತಿಳಿಯದಿದ್ದರೂ ಅರ್ಥವನ್ನು ಹಿಡಿದುಕೊಂಡೇ ಕೇಳಬಹುದು.

ಆದರೆ ಮೊದಲು ಕೇಳುವದಕ್ಕೆ ಅವು ಭಾರವಾದವು. ಷೂಬರ್ಟನು ೧೮೧೭ರಲ್ಲಿ ತನ್ನ ಸ್ನೇಹಿತನಾದ ಷೋಬರನ ಕವಿತೆಗೆ ಬರೆದ, ಸಂಗೀತವನ್ನೇ ಕುರಿತು ಕೃತಜ್ಞತೆ ಹೇಳುವ ಎರಡು ನುಡಿಗಳ ಗೀತದಿಂದ ಆರಂಭಿಸಿರಿ. 'ಆನ್ ದೀ ಮುಸೀಕ್' ಎಂದು ಅದರ ಹೆಸರು. ಮೂರು ನಿಮಿಷಗಳೊಳಗೆ ಮುಗಿಯುತ್ತದೆ. ಮೊದಲನೆಯ ಸಲ ಹಾಡುವವರನ್ನು ಕೇಳಿರಿ. ಎರಡನೆಯ ಸಲ ಹಾಡುವವರನ್ನು ಬಿಟ್ಟು ಪಿಯಾನೊದ ಎಡಗೈಯನ್ನು ಕೇಳಿರಿ. ಬಲಗೈಯ ಸ್ವರಗುಚ್ಛಗಳ ಕೆಳಗೆ, ಮಂದ್ರದಲ್ಲಿ, ಇನ್ನೊಬ್ಬರು ಮೆಲ್ಲಗೆ ಹಾಡುತ್ತಿರುವದು ಕೇಳಿಸುತ್ತದೆ. ಹಾಡು ಶುರುವಾಗುವ ಮುಂಚೆಯೇ ಅವರು ಶುರುಮಾಡಿರುತ್ತಾರೆ, ಹಾಡು ನಿಂತ ಮೇಲೆಯೂ ಸ್ವಲ್ಪ ಹೊತ್ತು ಇರುತ್ತಾರೆ.